ಮೊದಲು ಅಂಗೈ

ನೆಲಗಣ್ಣು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಮಂದಾಕಿನಿ ಕುಲಗೋಡಳ ದೊಡ್ಡ ಹೆಮ್ಮೆಯೇ ಅದು.

ಮನುಷ್ಯರನ್ನು ಕೇಳಿ ಏನು ಪ್ರಯೋಜನ ಹೇಳಿ? ನಿದ್ದೆ ಹೇಗೆ ಅಂದರೆ ಚೆನ್ನಾಗಿ ಬರುತ್ತದೆ ಅನ್ನುತ್ತಾರೆ. ದಿನಾ ನಡೆಯುತ್ತೀರಾ ಅಂದರೆ, ಓಹೋ, ತಪ್ಪಿಸುವುದೇ ಇಲ್ಲ ಅನ್ನುತ್ತಾರೆ. ಹೊಟ್ಟೆ ಮಾತ್ರ ಬೇರೆ ಕಥೆ ಹೇಳುತ್ತಿರುತ್ತದೆ. ಹಳೆಯ ಪೆಟ್ಟೇನಾದರೂ ಇದೆಯೇ ಅಂದರೆ ಇಲ್ಲವೇ ಇಲ್ಲ ಎಂದು ಎದ್ದು ಹೋಗಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ 'ಈ ಮೊಣಕಾಲೊಂದು ಬಿಟ್ಟು' ಎಂದು ಸೇರಿಸುತ್ತಾರೆ. ಮಂದಾಕಿನಿ ಹರೆಯದಲ್ಲಿ ಧಾರವಾಡದ ವ್ಯಾಯಾಮಶಾಲೆಯೊಂದರಲ್ಲಿ ಕೆಲಸಕ್ಕಿದ್ದಾಗ, ಹೊಸದಾಗಿ ಬಂದವರನ್ನು ಕೂರಿಸಿ, ಚಹಾ ಕೊಟ್ಟು, ಇಂಥ ಉತ್ತರಗಳನ್ನು ಕೇಳಿ ಕೇಳಿ ರೋಸಿಹೋಗಿದ್ದಳು. ಒಬ್ಬನ ಮೈಗೆ ತಕ್ಕ ವ್ಯಾಯಾಮ ಹೇಳಬೇಕಾದರೆ ಮೊದಲು ಆ ಮೈಯನ್ನು ತಿಳಿಯಬೇಕು; ಆ ಮೈಯ ಒಡೆಯನೇ ಸುಳ್ಳು ಹೇಳಿದರೆ ಏನು ಮಾಡುವುದು? ಒಡೆಯನನ್ನು ಬಿಟ್ಟು ಮೈಯನ್ನೇ ಕೇಳಿದರಾಯಿತು ಎಂದು ಹೊರಟವಳು ಇಪ್ಪತ್ತು ವರ್ಷ ತಲೆ ಕೆಡಿಸಿಕೊಂಡು ನೆಲಗಣ್ಣನ್ನು ಮಾಡಿ ಮುಗಿಸಿದಳು.

ನೋಡಲಿಕ್ಕೆ ಅದು ಬಾಗಿಲಿನಷ್ಟು ಅಗಲದ ಒಂದು ಬೂದು ಹಲಗೆ, ಅಷ್ಟೇ. ಬರಿಗಾಲಲ್ಲಿ ಮೇಲೆ ನಿಂತರೆ ಅಂಗಾಲಿನಿಂದ ಸಣ್ಣ ಕಂಪನವೊಂದು ಎಲುಬಿನೊಳಗೆ ಹತ್ತಿ, ನೆತ್ತಿ ಮುಟ್ಟಿ ಇಳಿದು ಬರುತ್ತದೆ. ಇಳಿದು ಬಂದ ಕಂಪನದಲ್ಲಿ ಎಲ್ಲವೂ ಇರುತ್ತದೆ: ಎಲುಬು ಎಷ್ಟು ಗಟ್ಟಿ, ಯಾವ ಸ್ನಾಯು ಸೋಮಾರಿ, ಹೃದಯ ಹೇಗೆ ಬಡಿಯುತ್ತಿದೆ, ಮೈ ವಾಲಿದಾಗ ನರಗಳು ಎಷ್ಟು ಬೇಗ ಸಾವರಿಸಿಕೊಳ್ಳುತ್ತವೆ. ಮೈ ತಾಗಿದ ಮೊದಲ ಕ್ಷಣವನ್ನು ಯಂತ್ರ ಸೊನ್ನೆ ಎಂದು ಹಿಡಿಯುತ್ತದೆ. ಮುಂದಿನದೆಲ್ಲ ಆ ಸೊನ್ನೆಗೆ ಹೋಲಿಸಿದ ಲೆಕ್ಕ.

ಊರಿನ ಹೊಟ್ಟೆ ಕರಗಿಸುವುದಕ್ಕಷ್ಟೇ ಆಗಿದ್ದರೆ ಇದಕ್ಕೆ ಇಷ್ಟು ಸಡಗರ ಬೇಕಿರಲಿಲ್ಲ. ಚಂದ್ರನ ದಕ್ಷಿಣ ಧ್ರುವದಲ್ಲಿ ಹಿಮ ಕರಗಿಸಿ ನೀರು ಮಾಡುವ ಕಾರ್ಖಾನೆ ಎದ್ದ ಮೇಲೆ, ಅಲ್ಲಿಗೆ ಎರಡು ವರ್ಷದ ಪಾಳಿಗೆ ಹೋಗುವವರು ಧಾರವಾಡದ ಹೊರಗಿನ ಗುಡ್ಡದ ಮೇಲಿದ್ದ ದೇಹಸಿದ್ಧತಾ ಕೇಂದ್ರಕ್ಕೆ ಬಂದು ಈ ಹಲಗೆಯ ಮೇಲೆ ನಿಲ್ಲಬೇಕಾಗಿತ್ತು. ಅಲ್ಲಿ ಮೈಯ ಭಾರ ಆರನೇ ಒಂದು ಪಾಲು. ಹೊರುವ ಕೆಲಸವಿಲ್ಲದ ಎಲುಬು ಒಳಗೊಳಗೇ ತೆಳುವಾಗುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ಅವರವರ ಮೈ ನೋಡಿ ಬರೆದ ವ್ಯಾಯಾಮ ಯೋಜನೆ ಬೇಕು. ಅದು ತಪ್ಪಿದರೆ ಭೂಮಿಗೆ ಬಂದು ಮೊದಲ ಸಲ ಎಡವಿದಾಗಲೇ ಸೊಂಟದ ಎಲುಬು ಲಟಕ್ಕನೆ ಮುರಿಯುತ್ತದೆ. ನೆಲಗಣ್ಣು 'ಸಮತೋಲ ದೋಷ' ಎಂದು ಕೆಂಪು ಗೆರೆ ಎಳೆದವರಿಗೆ ಯೋಜನೆಯೂ ಇಲ್ಲ, ಚಂದ್ರನೂ ಇಲ್ಲ.

ಒಂದು ಸಂಗತಿ ಮಾತ್ರ ವಿಚಿತ್ರವಾಗಿತ್ತು. ಬೇರೆ ದೇಶಗಳ ಕೇಂದ್ರಗಳಲ್ಲಿ ಈ ಕೆಂಪು ಗೆರೆ ಅಪರೂಪ. ನಮ್ಮ ಕಡೆ ಮಾತ್ರ ಗಟ್ಟಿಮುಟ್ಟಾದ ಆಳುಗಳೆಲ್ಲ ಸಾಲುಸಾಲಾಗಿ ನಪಾಸಾಗುತ್ತಿದ್ದರು. ಪಂಡಿತರಿಗೆ ಕಾರಣ ಹುಡುಕುವುದು ಕಷ್ಟವೇ? ಈ ಭಾಗದ ಜನರ ಸಮತೋಲ ಕಾಯುವ ಒಳಗಿವಿಯ ರಚನೆಯಲ್ಲೇ ಏನೋ ಕೊರತೆ ಇರಬೇಕೆಂದು ಒಬ್ಬರು ಪ್ರಬಂಧ ಬರೆದರು, ಇನ್ನೊಬ್ಬರು ಅದನ್ನು ಹೊಗಳಿದರು. ಮಂದಾಕಿನಿಯೂ ತಲೆಯಾಡಿಸಿದಳು. ತನ್ನ ಯಂತ್ರವನ್ನು ಅನುಮಾನಿಸುವುದಕ್ಕಿಂತ ತನ್ನ ಜನರ ಕಿವಿಯನ್ನು ಅನುಮಾನಿಸುವುದು ಅವಳಿಗೆ ಸುಲಭವಾಗಿತ್ತು.

ಹೀಗಿರುವಾಗ ದ್ಯಾಮವ್ವ ಸುಣಗಾರ ಬಂದಳು.

ಗದಗದ ಹತ್ತಿರದ ಹಿರೇಕೊಪ್ಪದವಳು. ನಲವತ್ತು ದಾಟಿದ ಹೆಂಗಸು, ಭುಜ ನೋಡಿದರೆ ಬಾಗಿಲಲ್ಲಿ ಅಡ್ಡ ತಿರುಗಿ ಬರಬೇಕೇನೋ ಅನ್ನಿಸುವಂಥ ಆಳು. ಟ್ರೇಲರ್ ಮಾಡುವ ಶೆಡ್ಡಿನಲ್ಲಿ ವೆಲ್ಡಿಂಗ್ ಕಲಿತು, ಈಗ ಕೊರೆಯುವ ಚಳಿಯಲ್ಲೂ ಬಿರುಕು ಬಿಡದ ಹಾಗೆ ಪೈಪು ಬೆಸೆಯುವುದರಲ್ಲಿ ಅವಳನ್ನು ಬಿಟ್ಟರಿಲ್ಲ ಎಂದು ಹೆಸರು ಮಾಡಿದ್ದಳು. ಕಾರ್ಖಾನೆಯವರೇ ಅವಳನ್ನು ಕರೆಸಿದ್ದರು. ಪರೀಕ್ಷೆಯ ಕೋಣೆಯೊಳಗೆ ಒಬ್ಬಳೇ ಹೋಗಿ ನಿಂತು ಬಂದಳು. ಅಲ್ಲಿ ಕ್ಯಾಮೆರಾ ಇರಲಿಲ್ಲ, ನೋಡುವವರೂ ಇರಲಿಲ್ಲ. ಅರೆಬಟ್ಟೆಯಲ್ಲಿ ನಿಲ್ಲುವ ಜಾಗದಲ್ಲಿ ಯಾರ ಕಣ್ಣೂ ಇರಬಾರದು, ಅಂಕಿಗಳಷ್ಟೇ ಹೊರಗೆ ಬರಬೇಕೆಂದು ಹಟ ಹಿಡಿದವಳು ಮಂದಾಕಿನಿಯೇ.

ಅಂಕಿಗಳು ಬಂದವು. ಕೆಂಪು ಗೆರೆ.

"ಏನಂತರೀ ನಿಮ್ಮ ಹಲಗಿ?" ದ್ಯಾಮವ್ವ ಕೂದಲು ಕಟ್ಟಿಕೊಳ್ಳುತ್ತ ಹೊರಗೆ ಬಂದು ಕೇಳಿದಳು.

"ಅಕ್ಕಾರ, ನಿಮಗ ಆಗಾಗ ತಲಿ ತಿರಗತೈತೇನ್ರಿ? ನಿಂತಲ್ಲೇ ಓಲಾಡಿದಂಗ?"

ದ್ಯಾಮವ್ವ ಗಹಗಹಿಸಿ ನಕ್ಕಳು. "ನನಗ? ನಾಕು ಮಂದಿ ನೂಕಿದ್ರೂ ಕಾಲು ಕದಲಸಾಕಿ ಅಲ್ರಿ ನಾನು. ನಿಮ್ಮ ಹಲಗೀಗೇ ತಲಿ ತಿರಗಿರಬೇಕು, ಒಮ್ಮೆ ನೋಡ್ರಿ."

ಮಂದಾಕಿನಿಗೆ ಸಿಟ್ಟು ಬಂತು. ಆದರೂ ಹೊರಡುವ ಪಟ್ಟಿ ಅಂತಿಮವಾಗಲು ಇನ್ನೂ ಒಂದು ವಾರವಿತ್ತು. ಇನ್ನೊಮ್ಮೆ ನೋಡೋಣ ಎಂದು ಕಳಿಸಿದಳು. ಹೊರಡುವಾಗ ದ್ಯಾಮವ್ವ ನಗಲಿಲ್ಲ. "ಮೇಡಂ, ಇದು ನನಗ ಹೊಟ್ಟಿಪಾಡಿನ ಕೆಲಸ ಅಲ್ರಿ. ಅಲ್ಲಿ ಹೋಗಿ ಬರಬೇಕಂತ ಭಾಳ ಆಸೆ ಐತಿ" ಎಂದಷ್ಟೇ ಹೇಳಿದಳು.

ಮನೆಯಲ್ಲಿ ಮರುದಿನ ಬೆಳಿಗ್ಗೆ ಇನ್ನೊಂದು ಜಗಳ ಕಾದಿತ್ತು. ಮಂದಾಕಿನಿಯ ತಂದೆ ಬಸವಂತಪ್ಪನವರು ಜೀವಮಾನವೆಲ್ಲ ಘಟ್ಟದ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಮೊಣಕಾಲು ನೋವೆಂದು ಅವರು ನರಳುತ್ತಿದ್ದುದಕ್ಕೆ, ಮಗಳು ಕೇಂದ್ರದಿಂದ ನೆಲಗಣ್ಣಿನ ಹಳೆಯ ಮಾದರಿಯೊಂದನ್ನು ತಂದು ಪಡಸಾಲೆಯಲ್ಲಿ ಹಾಕಿದ್ದಳು. ಅದಕ್ಕೂ ಮುದುಕರಿಗೂ ಮೊದಲ ದಿನದಿಂದಲೇ ಎಣ್ಣೆ ಸೀಗೆಕಾಯಿ.

"ಮಂದಾ, ಈ ಪೆಟ್ಟಿಗಿ ಒಯ್ದು ಹೊರಗ ಒಗದು ಬಾ. ದಿನಾ ಒಂದೇ ರಾಗ! 'ಒಬ್ಬರೇ ನಿಲ್ಲಬೇಡಿ, ಕುರ್ಚಿ ಹಿಡಿದುಕೊಳ್ಳಿ' ಅಂತೈತಿ. ಆ ತಿರುವಿನ್ಯಾಗ, ಆ ಮಂಜಿನ್ಯಾಗ ಬಸ್ಸು ಇಳಿಸಿದಾಂವಗ ಇದು ಕುರ್ಚಿ ಹಿಡಿ ಅಂತ ಹೇಳ್ತೈತೇನು?"

"ವಯಸ್ಸಾಗೈತಲ್ಲಪಾ. ಅದೇನು ಸುಳ್ಳು ಹೇಳಂಗಿಲ್ಲ."

"ನಿಂತು ತೋರಸ್ತೀನಿ, ನೀನೇ ನೋಡು!"

ಮಂದಾಕಿನಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ಬಸವಂತಪ್ಪನವರು ಚಪ್ಪಲಿ ಬಿಟ್ಟರು. ಧೋತರದ ಚುಂಗು ಮೇಲೆತ್ತಿದರು. ಬಗ್ಗಿ, ಬಲಗೈಯಿಂದ ಹಲಗೆಯನ್ನು ಮುಟ್ಟಿ, ಅದೇ ಕೈಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಹತ್ತಿ ಗೂಟದ ಹಾಗೆ ನಿಂತರು.

'ಸಮತೋಲ ದೋಷ. ದಯವಿಟ್ಟು ಆಸರೆ ಹಿಡಿಯಿರಿ' ಎಂದಿತು ಯಂತ್ರ.

"ಕೇಳಿದಿ?" ಎಂದರು ಮುದುಕರು.

ಮಂದಾಕಿನಿ ಅವರ ಬಲಗೈಯನ್ನೇ ನೋಡುತ್ತಿದ್ದಳು. "ಅಪ್ಪಾ, ಕೈ ಯಾಕ ಮುಟ್ಟಿಸಿದಿ?" ಎಂದಳು.

"ಮತ್ತ? ಕಾಲಿಡೂ ಜಾಗಾ, ಮ್ಯಾಲೆ ನನ್ನ ಮಗಳು ಮಾಡಿದ್ದು. ಮುಟ್ಟಿ ನಮಸ್ಕಾರ ಮಾಡದ ತುಳೀಲೇನು? ಬಸ್ಸು ಹತ್ತೂ ಮುಂದನೂ ಮಾಡ್ತಿದ್ದೆ. ಅದೇನಾತು ಈಗ?"

ಏನಾಗಿತ್ತೆಂದರೆ, ಎಲ್ಲವೂ ಆಗಿಹೋಗಿತ್ತು. ನೆಲಗಣ್ಣಿಗೆ ಪಾಠ ಕಲಿಸುವಾಗ ಹಲವು ದೇಶಗಳ ವಿದ್ಯಾರ್ಥಿಗಳು ಸರಸರನೆ ಬಂದು ಹಲಗೆ ಹತ್ತಿ ಇಳಿದಿದ್ದರು. ಅವರಿಗೆ ಅದೊಂದು ಹಲಗೆ, ಅಷ್ಟೇ. ಅಂಗೈ ಎಂಬುದೊಂದು ಇದೆಯೆಂದು ಯಂತ್ರಕ್ಕೆ ಯಾರೂ ತೋರಿಸಿರಲಿಲ್ಲ. ಬಸವಂತಪ್ಪನವರ ಕೈ ತಾಗಿದ ಕೂಡಲೇ ಅದು ಕಾಲಿಟ್ಟರೆಂದು ತಿಳಿದು ಸೊನ್ನೆ ಹಿಡಿದಿತ್ತು. ಕೈ ಎತ್ತಿದಾಗ ಅಯ್ಯೋ ಜೋಲಿ ಹೊಡೆದರು ಎಂದುಕೊಂಡಿತ್ತು. ಬಗ್ಗಿ ಎದ್ದವರ ಎದೆಬಡಿತ ಏರಿಳಿದದ್ದನ್ನು ಕಂಡು ತಲೆ ಸುತ್ತು ಬಂದಿದೆ ಎಂದು ತೀರ್ಮಾನಿಸಿ, ಕೆಂಪು ಗೆರೆ ಎಳೆದಿತ್ತು. ಅಸಡ್ಡೆಯಿಂದ ಹತ್ತಿದವರೆಲ್ಲ ಪಾಸು. ಗೌರವದಿಂದ ಹತ್ತಿದವರೆಲ್ಲ ರೋಗಿಗಳು! ಒಳಗಿವಿಯ ಪ್ರಬಂಧ ನೆನಪಾಗಿ ಮಂದಾಕಿನಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಯಾರನ್ನೂ ಏನನ್ನೂ ಕೇಳದ ಯಂತ್ರ ಎಂದು ಮೆರೆದಿದ್ದಳಲ್ಲ, ಒಬ್ಬರನ್ನಾದರೂ ಕೇಳಿದ್ದರೆ ಹೇಳುತ್ತಿದ್ದರು.

ಅಂದೇ ದ್ಯಾಮವ್ವನಿಗೆ ಬುಲಾವು ಹೋಯಿತು. ಮಂದಾಕಿನಿ ಎಷ್ಟೋ ವರ್ಷಗಳ ಮೇಲೆ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು, ಚಹಾ ತರಿಸಿ, ಕೇಳಿದಳು.

"ಅಕ್ಕಾರ, ಹಲಗಿ ಮ್ಯಾಲೆ ಹತ್ತೂ ಮೊದಲು ನೀವು ಏನರ ಮಾಡಿದ್ರೇನು?"

"ಮುಟ್ಟಿ ಹಣಿಗಿ ಹಚ್ಚಿಕೊಂಡೆ. ಗರಡಿಮನ್ಯಾಗ ಬೆಳದಾಕಿ ನೋಡ್ರಿ ನಾನು. ಮಣ್ಣು ಮುಟ್ಟದ ಕಣಕ್ಕ ಇಳದ್ರ ನಮ್ಮ ವಸ್ತಾದರು ಕಿವಿ ಹಿಂಡ್ತಿದ್ರು." ತನಗೆ ಕುಸ್ತಿ ಕಲಿಸಿದ ಗುರುಗಳ ಮಾತು ಬಂದಾಗ ದ್ಯಾಮವ್ವ ಕೂತಲ್ಲೇ ನೆಟ್ಟಗಾದಳು.

ಕುಸ್ತಿ! ಯಂತ್ರ ಈ ಭುಜಗಳನ್ನು ಅಳೆದಿತ್ತು, ತೂಗಿತ್ತು. ಅವು ಎಲ್ಲಿಂದ ಬಂದವೆಂದು ಅದಕ್ಕೆ ಗೊತ್ತಿರಲಿಲ್ಲ. ಮಂದಾಕಿನಿ ಇನ್ನೂ ಕೇಳಿದಳು. ಹಳೆಯ ಪೆಟ್ಟು? ಹೆಗಲೆಲುಬು ಒಮ್ಮೆ ಮುರಿದಿತ್ತು, ಎಡಗಡೆ. ನಿದ್ದೆ? ಬೆಳಕು ಹರಿಯುವ ಮುಂಚೆಯೇ ಏಳುವ ರೂಢಿ. ಕೊನೆಗೆ, ಹಿಂದೆ ವ್ಯಾಯಾಮಶಾಲೆಯಲ್ಲಿ ಎಲ್ಲರಿಗೂ ಕೇಳುತ್ತಿದ್ದ, ಆಮೇಲೆ ಮರೆತೇಬಿಟ್ಟಿದ್ದ ಪ್ರಶ್ನೆ ಬಾಯಿಗೆ ಬಂತು: "ಈ ಮೈಯಿಂದ ನಿಮಗ ಏನಾಗಬೇಕ್ರಿ? ಚಂದ್ರನಿಂದ ಬಂದ ಮ್ಯಾಲೆ?"

"ಬೀಳಬೇಕ್ರಿ."

"ಆಂ?"

"ಗರಡ್ಯಾಗ ಹುಡುಗ್ಯಾರಿಗೆ ಕಲಸ್ತೀನಿ. ಅವರು ನನ್ನ ಎತ್ತಿ ಒಗೀಬೇಕು, ನಾ ಬೀಳಬೇಕು. ಬಿದ್ದು ತೋರಿಸಿದ್ರನ ಅವರಿಗೆ ಧೈರ್ಯ ಬರೂದು. ಎರಡು ವರ್ಷ ಹೋಗಿ ಬಂದು, ಎಲುಬು ಮುರದೀತಂತ ಕಟ್ಟಿ ಮ್ಯಾಲೆ ಕುಂತು ನೋಡೂ ಬಾಳೆ ನನಗ ಬ್ಯಾಡ್ರಿ. ಚಂದ್ರನ ಮ್ಯಾಲೆ ಪೈಪು ಬೆಸದಾಕಿ ಇಕೀನ ಅಂತ ಹೇಳಿ ನನ್ನ ಹುಡುಗ್ಯಾರು ನನ್ನ ಎತ್ತಿ ಒಗೀಬೇಕು. ಅಷ್ಟ ನೋಡ್ರಿ ನನ್ನ ಆಸೆ."

ನೆಲಗಣ್ಣಿನ ಯೋಜನೆಗಳೆಲ್ಲ ಮನುಷ್ಯ ಬೀಳಬಾರದು ಎಂಬ ಒಂದೇ ಗುರಿಯ ಮೇಲೆ ನಿಂತಿದ್ದವು. ಬೀಳುವುದೇ ಬೇಕು ಅನ್ನುವವಳೊಬ್ಬಳು ಬರುತ್ತಾಳೆಂದು ಮಂದಾಕಿನಿ ಕನಸಿನಲ್ಲೂ ಎಣಿಸಿರಲಿಲ್ಲ. ಆ ಉತ್ತರವನ್ನು ಅವಳು ಹಾಗೆಯೇ ಬರೆದುಕೊಂಡಳು.

ಕೇಂದ್ರದ ನಿರ್ದೇಶಕರು ಡಾಕ್ಟರ್ ರೇವಣಕರ. ಕೆಟ್ಟವರಲ್ಲ, ರಗಳೆ ಬೇಡದವರು. ಎಲ್ಲ ಕೇಳಿ, "ಇಷ್ಟೇನಾ? ಮುಟ್ಟಬೇಡಿ ಅಂತ ಆಕೆಗೆ ಹೇಳಿಬಿಡಿ" ಎಂದರು.

ಹೇಳಿದ್ದಾಯಿತು. ದ್ಯಾಮವ್ವ ಹಟ ಮಾಡಲಿಲ್ಲ. "ಆತು ಬಿಡ್ರಿ, ನಿಮ್ಮ ಸಲುವಾಗಿ" ಎಂದು ಕೈ ಹಿಂದೆ ಕಟ್ಟಿಕೊಂಡು ಒಳಗೆ ಹೋಗಿ ನಿಂತು ಬಂದಳು. ಕೆಂಪು ಗೆರೆ ಬರಲಿಲ್ಲ. ರೇವಣಕರ ಖುಷಿಯಾದರು. ಮಂದಾಕಿನಿ ಮಾತ್ರ ಅಂಕಿಗಳ ಮುಂದೆ ಸಪ್ಪೆ ಮೋರೆ ಹಾಕಿಕೊಂಡು ಕೂತಳು. ಕತ್ತಿನ ಸ್ನಾಯು ಬಿಗಿದಿತ್ತು, ಉಸಿರು ಮೇಲೆಮೇಲೆ ಆಡಿತ್ತು, ಭಾರವೆಲ್ಲ ಹಿಮ್ಮಡಿಗೆ ಬಿದ್ದಿತ್ತು. ಯಾರದೋ ಮನೆಗೆ ಕರೆಯದೆ ಹೋಗಿ ನಿಂತವರ ಮೈ ಅದು. ಪಾಸಾಗುವ ಮೈಯೇ, ಆದರೆ ದ್ಯಾಮವ್ವನದಲ್ಲ.

"ಹೆಂಗನಿಸ್ತ್ರಿ ಅಕ್ಕಾರ?"

"ಹೆಂಗ ಹೇಳ್ಲಿ? ಮಣ್ಣು ಮುಟ್ಟಿ ಹಣಿಗಿ ಹಚ್ಚಿಕೊಂಡ ಮ್ಯಾಲನ ಮೈ ಎಚ್ಚರಾಗತೈತಿ ನನಗ. ಈಗ ನೀವು ತೂಗಿದ್ದು ಮಲಗಿದ ಮೈ ನೋಡ್ರಿ."

ಮಂದಾಕಿನಿ ನಿರ್ದೇಶಕರ ಕೋಣೆಗೆ ಹೋದಳು. "ಸರ್, ಈ ಅಂಕಿ ಹಿಡಿದು ನಾನು ಯೋಜನೆ ಬರೆಯುವುದಿಲ್ಲ. ಯಂತ್ರವನ್ನು ಬಿಚ್ಚಬೇಕು. ಸೊನ್ನೆಯನ್ನು ಯಂತ್ರ ತಾನಾಗಿಯೇ ಹಿಡಿಯಬಾರದು, ನಿಂತವರು ಹೂಂ ಅಂದ ಮೇಲೆ ಹಿಡಿಯಬೇಕು. ಅದಕ್ಕೂ ಮೊದಲು ಅದು ಅವರನ್ನು ಕೇಳಬೇಕು."

"ಮಂದಾಕಿನಿ, ಆಕೆ ಪಾಸಾಗಿದ್ದಾಳಲ್ಲ! ಈಗ ಬಿಚ್ಚಿದರೆ ಇಷ್ಟು ದಿನ ಕಳಿಸಿದವರ ಕಥೆ ಏನು ಅಂತ ಕೇಳುತ್ತಾರೆ. ನಿಮ್ಮ ಹೆಸರು ಏನಾಗುತ್ತದೆ ಯೋಚನೆ ಮಾಡಿದ್ದೀರಾ?"

"ಮಾಡಿದ್ದೇನೆ ಸರ್. ತಪ್ಪು ನಮ್ಮ ಜನರ ಕಿವಿಯದಲ್ಲ, ನನ್ನ ಯಂತ್ರದ್ದು ಅಂತ ನಾನೇ ಹೇಳುತ್ತೇನೆ. ಕೆಂಪು ಗೆರೆ ಎಳೆಸಿಕೊಂಡವರನ್ನೆಲ್ಲ ಮತ್ತೆ ಕರೆಯೋಣ. ಇಲ್ಲದಿದ್ದರೆ ದ್ಯಾಮವ್ವ ಹೋಗುತ್ತಾಳೆ, ಆದರೆ ಹೋದಂತೆ ತಿರುಗಿ ಬರುವುದಿಲ್ಲ. ಕಟ್ಟೆಯ ಮೇಲೆ ಕೂರುತ್ತಾಳೆ."

ರೇವಣಕರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಮೊದಲ ದಿನ ಮುಟ್ಟಿಯೇ ಹತ್ತಿದ್ದೆ ಮಾರಾಯ್ತಿ" ಎಂದರು ಮೆಲ್ಲಗೆ. "ನನಗೂ ಕೆಂಪು ಬಂದಿತ್ತು. ವಯಸ್ಸು ಅಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಬಿಚ್ಚಿ."

ಆ ವಾರ ಕೇಂದ್ರದಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಕಟ್ಟಿದವಳೇ ಬಿಚ್ಚಿದಳು, ಬಿಚ್ಚಿದವಳೇ ಕಟ್ಟಿದಳು. ನೆಲಗಣ್ಣಿಗೆ ಅಂಗೈ ಏನೆಂದು ಕಲಿಸಲು ಬಸವಂತಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ದಣಿವರಿಯದೆ ಹಲಗೆ ಮುಟ್ಟಿ ಮುಟ್ಟಿ ಹತ್ತಿದರು. ಚಂದ್ರನಿಗೆ ಹೋಗುವ ಯಂತ್ರಕ್ಕೆ ತಾನೇ ಮೇಷ್ಟ್ರು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಮಗಳು ಬೇಡ ಅನ್ನಲಿಲ್ಲ. ಯಾರನ್ನೂ ಏನನ್ನೂ ಕೇಳದಿದ್ದ ಯಂತ್ರ ಈಗ ಮೊದಲು ಕೇಳುತ್ತಿತ್ತು: 'ಈ ಮೈಯಿಂದ ನಿಮಗೇನಾಗಬೇಕು?' ಉತ್ತರ ಕೇಳಿಸಿಕೊಂಡು, ಹೂಂ ಅನ್ನುವ ತನಕ ಸುಮ್ಮನೆ ಕಾಯುತ್ತಿತ್ತು.

ಪಟ್ಟಿ ಮುಗಿಯುವ ದಿನ ದ್ಯಾಮವ್ವ ಒಳಗೆ ಹೋದಳು. ಹೊರಗೆ ಪರದೆಯ ಮೇಲೆ ಮೊದಲು ಒಂದು ಅಂಗೈ ಮೂಡಿತು, ಐದೂ ಬೆರಳು ಸ್ಪಷ್ಟವಾಗಿ. ಯಂತ್ರ ಕಾಯಿತು. ಎರಡು ಪಾದಗಳು ಮೂಡಿದವು. ಯಂತ್ರ ಕೇಳಿತು, ಅವಳೇನೋ ಹೇಳಿದಳು, ಆಮೇಲೆ "ಹೂಂ" ಎಂದಳು. ಅಂಕಿಗಳು ಇಳಿಯತೊಡಗಿದವು. ಉಸಿರು ಹೊಟ್ಟೆಯ ತಳದಿಂದ ಬರುತ್ತಿತ್ತು, ಭಾರ ಎರಡೂ ಕಾಲಿಗೆ ಸಮನಾಗಿ ಹಂಚಿಹೋಗಿತ್ತು. ನರಗಳು ಸಾವರಿಸಿಕೊಳ್ಳುವ ವೇಗ ನೋಡಿ, ಯಾವ ಕೇಂದ್ರದಲ್ಲೂ ಇಂಥದ್ದು ಬಂದಿಲ್ಲ ಎಂದು ರೇವಣಕರ ಕುರ್ಚಿಯಿಂದ ಎದ್ದೇ ನಿಂತರು.

"ಇದು ನೋಡ್ರಿ ನಮ್ಮ ದ್ಯಾಮಕ್ಕ!" ಎಂದಳು ಮಂದಾಕಿನಿ.

ಅವಳು ಬರೆದ ಯೋಜನೆಯಲ್ಲಿ ಚಂದ್ರನ ಮೇಲೆ ಯಾರೂ ಮಾಡದ ವ್ಯಾಯಾಮವೊಂದಿತ್ತು. ಸೊಂಟಕ್ಕೆ, ಹೆಗಲಿಗೆ ಬಿಗಿಯಾದ ರಬ್ಬರ್ ಪಟ್ಟಿ ಕಟ್ಟಿಕೊಂಡು, ಅದು ನೆಲದತ್ತ ಜಗ್ಗಿದ ರಭಸಕ್ಕೆ ದಿನಾ ಮಗ್ಗುಲಾಗಿ ಬೀಳುವುದು. ಎಡಹೆಗಲಿಗೆ ಮೆಲ್ಲಗೆ, ಬಲಕ್ಕೆ ಜೋರಾಗಿ.

ದ್ಯಾಮವ್ವ ಹೋಗಿ ಕೆಲವು ತಿಂಗಳಾಗಿದ್ದವು. ನಿಯಂತ್ರಣ ಕೊಠಡಿಯಲ್ಲಿ ಮಂದಾಕಿನಿ ಎಂದಿನಂತೆ ಚಂದ್ರನ ಕಾರ್ಖಾನೆಯಲ್ಲಿದ್ದ ನೆಲಗಣ್ಣಿನಿಂದ ಬಂದ ಬೆಳಗಿನ ಅಂಕಿ ನೋಡುತ್ತಿದ್ದಳು. ದ್ಯಾಮವ್ವನ ಅಂಗೈ, ಆಮೇಲೆ ಪಾದ. ಅದು ಗೊತ್ತಿದ್ದದ್ದೇ. ಮುಂದಿನವರು ಹಿಮದ ನಾಡಿನ ಒಬ್ಬ ಎಂಜಿನಿಯರು. ಪರದೆಯ ಮೇಲೆ ಅಂಗೈಯೊಂದು ಮೂಡಿತು. ಅವರಾದ ಮೇಲೆ ಬಂದ ಭೂಗರ್ಭತಜ್ಞೆಯದೂ ಹಾಗೆಯೇ, ಮೊದಲು ಅಂಗೈ. ಆರನೇ ಒಂದು ಭಾರದ ಹಗುರ ಅಂಗೈಗಳು ಒಂದಾದ ಮೇಲೊಂದು.

ಮಂದಾಕಿನಿ ಸಂಪರ್ಕದ ಗುಂಡಿ ಒತ್ತಿದಳು. "ದ್ಯಾಮಕ್ಕಾರ, ಅಲ್ಲಿ ಎಲ್ಲಾರಿಗೂ ಕಲಿಸಿಬಿಟ್ಟಿರೇನ್ರಿ?"

ಮಾತು ಚಂದ್ರನಿಗೆ ಹೋಗಿ ಬರುವಷ್ಟು ಹೊತ್ತು ಮೌನ. ಆಮೇಲೆ ಆ ನಗು.

"ನಾ ಯಾಕ ಕಲಸ್ಲಿ ಮೇಡಂ? ಹಿಂಗ್ಯಾಕ ಮುಟ್ತೀ ಅಂತ ಅವರೇ ಕೇಳಿದ್ರು. ಹೇಳಿದೆ."

ಎರಡು ವರ್ಷ ಕಳೆದು, ಭೂಮಿಯ ಭಾರ ಮೈಗೆ ಒಗ್ಗುವಷ್ಟು ದಿನಗಳೂ ಕಳೆದ ಮೇಲೆ, ಹಿರೇಕೊಪ್ಪದ ಗರಡಿಮನೆಗೆ ಮಂದಾಕಿನಿ ತಂದೆಯನ್ನು ಕರೆದುಕೊಂಡು ಹೋದಳು. ಅರಿಸಿನ, ಮಜ್ಜಿಗೆ, ಲಿಂಬೆರಸ ಹಾಕಿ ಹದ ಮಾಡಿದ ಕೆಂಪು ಮಣ್ಣಿನ ವಾಸನೆ ಬಾಗಿಲಿಗೇ ಬಡಿಯುತ್ತಿತ್ತು. ಸುತ್ತ ಹುಡುಗಿಯರು. ನಡುವೆ ದ್ಯಾಮವ್ವ, ಎದುರಿಗೆ ಅವಳ ಹೆಗಲಿನಷ್ಟೆತ್ತರದ ಒಬ್ಬ ಹುಡುಗಿ. ಪಟ್ಟು ಬಿತ್ತು. ಹುಡುಗಿ ಒಳಗೆ ನುಗ್ಗಿ, ಸೊಂಟ ಕೊಟ್ಟು, ಉಸಿರು ಬಿಗಿಹಿಡಿದು ದ್ಯಾಮವ್ವನನ್ನು ಎತ್ತಿದಳು. ಎತ್ತಿ ಒಗೆದಳು.

ಧಡ್ ಎಂದಿತು ನೆಲ. ಮಂದಾಕಿನಿ ತಂದೆಯ ತೋಳು ಹಿಡಿದುಕೊಂಡಳು. ತನ್ನ ಜೀವಮಾನದ ಲೆಕ್ಕವೆಲ್ಲ ಆ ಮಣ್ಣಿನಲ್ಲಿ ಮಲಗಿದ ಹಾಗೆ ಅವಳಿಗೆ ಅನ್ನಿಸಿತು. ಎಲುಬು ಮುರಿದ ಸದ್ದೇ ಅದು?

ದ್ಯಾಮವ್ವ ಮಗ್ಗುಲಾಗಿ, ಅಂಗೈ ಊರಿ, ಎದ್ದಳು. ಮೈಯೆಲ್ಲ ಕೆಂಪು. "ಶಾಬ್ಬಾಸ್!" ಎಂದು ಹುಡುಗಿಯ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಗರಡಿಮನೆ ಕೇಕೆಯಿಂದ ಹಾರಿಹೋಗುವ ಹಾಗಾಯಿತು. ಬಸವಂತಪ್ಪನವರು ಪಕ್ಕದವರಿಗೆ, ಈ ಯೋಜನೆ ಬರೆದದ್ದು ನನ್ನ ಮಗಳು ಎಂದು ಕೇಳದಿದ್ದರೂ ಹೇಳುತ್ತಿದ್ದರು.

"ಅಲ್ಲೇ ನಿಂತು ಏನ್ ನೋಡ್ತೀರಿ ಮೇಡಂ? ನೀವು ಬರದದ್ದು ಖರೇ ಐತೋ ಇಲ್ಲೋ, ಬಂದು ನೋಡ್ರಿ. ಬರ್ರಿ ಮಣ್ಣಿಗೆ!" ಎಂದು ದ್ಯಾಮವ್ವ ಕೂಗಿದಳು.

ಮಂದಾಕಿನಿ ಚಪ್ಪಲಿ ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಗ್ಗಿ, ಬಲ ಅಂಗೈಯನ್ನು ಮಣ್ಣಿಗೆ ಮುಟ್ಟಿಸಿ ಹಣೆಗೆ ಹಚ್ಚಿಕೊಂಡಳು. ಆಮೇಲೆ ಕಾಲಿಟ್ಟಳು.